ಸವಕಳಿ ಬರೆಯದ ಆಸ್ತಿ



ಲೆಕ್ಕಪರಿಶೋಧಕನನ್ನು ಕರೆದು ಜಾಗತೀಕರಣ ಮತ್ತು ರೈತನ ಮಣ್ಣಿನ ಕುರಿತು ಮಾತನಾಡಲು ಹೇಳಿದ್ದೀರಿ. ನಾನು ಬಲ್ಲ ಬಾಗಿಲಿನಿಂದಲೇ, ಎಂದರೆ ಅಡುಗೆ ಎಣ್ಣೆಯ ಲೆಕ್ಕದಿಂದಲೇ, ಒಳಹೊಗುತ್ತೇನೆ.

1994ರಲ್ಲಿ ನಮ್ಮ ಸರ್ಕಾರವು ಶೇ. 65ರ ಸುಂಕದೊಡನೆ ತಾಳೆ ಎಣ್ಣೆಯ ಆಮದನ್ನು ಮುಕ್ತಗೊಳಿಸಿತು. ಆ ಸುಂಕವು ಕೆಲವೇ ವರ್ಷಗಳಲ್ಲಿ ಕುಸಿಯಿತು. 2008ರಲ್ಲಿ ಕಚ್ಚಾ ತಾಳೆ ಎಣ್ಣೆಯ ಮೇಲೆ ಸೊನ್ನೆಯಾಯಿತು. ಇದಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯನ್ನು ದೂರುವುದು ವಾಡಿಕೆ. ಆದರೆ ಅದರ ಒಪ್ಪಂದದಂತೆ ತಾಳೆ ಎಣ್ಣೆಗೆ ಶೇ. 300ರವರೆಗೂ ಸುಂಕ ವಿಧಿಸಲು ಭಾರತಕ್ಕೆ ಅವಕಾಶವಿತ್ತು. ನಮ್ಮನ್ನು ಯಾರೂ ಬಲವಂತಪಡಿಸಲಿಲ್ಲ. ಅಗ್ಗದ ಎಣ್ಣೆ ನಗರವಾಸಿಗಳಾದ ನಮಗೆ ಬೇಕಾಗಿತ್ತು.

ಇದರ ಬೆಲೆ ತೆತ್ತದ್ದು ಚಳ್ಳಕೆರೆಯಂತಹ ಸೀಮೆ. ಎಣ್ಣೆ ಗಿರಣಿಗಳಿಗೆ ಹೆಸರಾಗಿದ್ದ ಆ ಊರಿನಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಮಳೆಯ ಅಭಾವವೂ ಬೆಳೆರೋಗವೂ ಕಾರಣಗಳೇ. ಎಲ್ಲವನ್ನೂ ತಾಳೆ ಎಣ್ಣೆಯ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ. ಆದರೆ ಶೇಂಗಾ ಹಿಂದೆ ಸರಿದಾಗ ಮಣ್ಣು ಕಳೆದುಕೊಂಡದ್ದೇನು? ಆ ಗಿಡದ ಬೇರುಗಂಟುಗಳಲ್ಲಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಕಟ್ಟಿಕೊಡುತ್ತವೆ. ಬಳ್ಳಿಯೂ ಹಿಂಡಿಯೂ ದನಕ್ಕೆ, ದನದ ಗೊಬ್ಬರ ಮರಳಿ ಹೊಲಕ್ಕೆ. ಅನೇಕ ಹೊಲಗಳಲ್ಲಿ ಅದರ ಜಾಗಕ್ಕೆ ಬಂದ ಮೆಕ್ಕೆಜೋಳ ಯೂರಿಯಾ ಬೇಡುವ ಬೆಳೆ. 2010ರ ಪೋಷಕಾಂಶ ಆಧಾರಿತ ಸಹಾಯಧನ ನೀತಿಯು ಯೂರಿಯಾವನ್ನು ಹೊರಗಿಟ್ಟಿತು. ಅದು ಅಗ್ಗವಾಗಿಯೇ ಉಳಿಯಿತು; ಹೊರದೇಶದಿಂದಲೇ ಬರಬೇಕಾದ ಪೊಟ್ಯಾಷ್ ತುಟ್ಟಿಯಾಯಿತು. ಕೈಯಲ್ಲಿ ಕಾಸಿಲ್ಲದ ರೈತ ಯಾವುದನ್ನು ಸುರಿದನೆಂದು ಬಿಡಿಸಿ ಹೇಳಬೇಕಿಲ್ಲ.

ಯಂತ್ರಕ್ಕೆ ಸವಕಳಿ ಉಂಟು, ಭೂಮಿಗೆ ಇಲ್ಲ: ಪರೀಕ್ಷೆಗೆ ನಾನು ಹೀಗೆಯೇ ಓದಿದೆ. ಇದೇ ಮುಂಬಯಿಯಲ್ಲಿ ಎಣ್ಣೆ ಆಮದುದಾರರೊಬ್ಬರ ಲೆಕ್ಕಪತ್ರಗಳಿಗೆ ಹಲವು ವರ್ಷ ಸಹಿ ಹಾಕಿದ್ದೇನೆ. ಒಂದು ಪೈಸೆಯೂ ತಪ್ಪಿರಲಿಲ್ಲ. ಸವೆದ ಮಣ್ಣಿಗೆ ಅಲ್ಲಿ ಕಲಮೇ ಇರಲಿಲ್ಲ.

ಪೃಥ್ವೀಕಾಯ ಜೀವಗಳನ್ನು ಒಪ್ಪಿದವರು ನಾವು. ಗಡ್ಡೆ ಕಿತ್ತಾಗ ಸಾಯುವ ಜೀವಿಗಳಿಗಾಗಿ ಆಲೂಗಡ್ಡೆಯನ್ನು ತ್ಯಜಿಸುತ್ತೇವೆ. ತಿಂಡಿಯ ಪೊಟ್ಟಣದ ಹಿಂದೆ ಅಚ್ಚಾದ ಎಣ್ಣೆಯ ಹೆಸರನ್ನು ಮಾತ್ರ ಓದುವುದಿಲ್ಲ.

ನಮ್ಮ ಬಸದಿಗಳ ಭೋಜನಶಾಲೆಗಳು ಮುಂದಿನ ವರ್ಷದಿಂದ ಶೇಂಗಾ, ಕುಸುಬೆ ಎಣ್ಣೆಯನ್ನು ಬೆಳೆಗಾರರ ಸಂಘಗಳಿಂದಲೇ ಕೊಳ್ಳಲಿ ಎಂಬುದು ನನ್ನ ಸೂಚನೆ. ಖರ್ಚು ಹೆಚ್ಚುತ್ತದೆ, ಮುಚ್ಚಿಡುವುದಿಲ್ಲ. ಎಷ್ಟು ಹೆಚ್ಚುತ್ತದೆಂಬ ಲೆಕ್ಕವನ್ನು ಶುಲ್ಕವಿಲ್ಲದೆ ಹಾಕಿಕೊಡುತ್ತೇನೆ. ಖರೀದಿಯ ಪುಸ್ತಕಗಳನ್ನು ಕಳುಹಿಸಿಕೊಡಿ.