ಮಳೆಯವರೆಗೆ ಬೀಜದ ಜೀವ



ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿಯ ಸೀಮೆಯಲ್ಲಿ ಬೇವಿನ ಹಣ್ಣು ಉದುರುವುದು ಜೂನ್–ಜುಲೈ ತಿಂಗಳಲ್ಲಿ. ನೆಲವನ್ನು ಆಳಕ್ಕೆ ನೆನೆಸುವ ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ನಡುವಿನ ಎರಡು ಮೂರು ತಿಂಗಳಲ್ಲಿ ಚೀಲದಲ್ಲಿ ತುಂಬಿಟ್ಟ ಬೇವಿನ ಬೀಜದ ಬಹುಪಾಲು ಸದ್ದಿಲ್ಲದೆ ಸಾಯುತ್ತದೆ. ಹೊರನೋಟಕ್ಕೆ ಅದು ಮೊದಲಿನಂತೆಯೇ ಇರುತ್ತದೆ. ಅದನ್ನೇ ಬಿತ್ತಿ, ಮೊಳಕೆ ಕಾಣದಿದ್ದಾಗ ಮಣ್ಣನ್ನೋ ಮಳೆಯನ್ನೋ ದೂರುವುದು ವಾಡಿಕೆಯಾಗಿದೆ.

ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿಯ ‘ಸಯನೈಡ್ ದಿಬ್ಬ’ಗಳು ಮಾತ್ರ ಉಳಿದವು, ಗಾಳಿ ಬೀಸಿದರೆ ಅವುಗಳ ಧೂಳು ಮನೆಗಳ ಮೇಲೆ ಬೀಳುತ್ತದೆ. ಸುತ್ತ ಮರಗಳನ್ನು ಎಬ್ಬಿಸಬೇಕೆಂಬ ಹಂಬಲ ಸಹಜವೇ. ಅಂತಹ ನೆಲದಲ್ಲಿ ಗಟ್ಟಿ ಬೀಜಕ್ಕೇ ಕಷ್ಟ. ಸತ್ತ ಬೀಜವನ್ನು ಮಣ್ಣಿನ ಉಂಡೆ ಕಟ್ಟಿ ಎಸೆದರೆ ಉಳಿಯುವುದು ಉಂಡೆಯೊಂದೇ.

ಕೂಡಿಟ್ಟ ಬೀಜವೂ ಉಸಿರಾಡುತ್ತದೆ. ತನ್ನೊಳಗಿನ ಆಹಾರವನ್ನು ತಾನೇ ಸವೆಸುತ್ತದೆ. ತೇವ ಮತ್ತು ಶಾಖ ಹೆಚ್ಚಿದಷ್ಟೂ ಈ ಸವೆತ ತೀವ್ರ. ಒಣಗುವಿಕೆಯನ್ನು ತಾಳುವ ಬೀಜಗಳ ತೇವಾಂಶ ಶೇಕಡಾ 1ರಷ್ಟು ಇಳಿದರೆ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ, ಉಷ್ಣತೆ 5 ಡಿಗ್ರಿ ಇಳಿದರೂ ಹಾಗೆಯೇ ಎಂಬುದು ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಹೇಳಿದ ಸ್ಥೂಲ ಲೆಕ್ಕ. ಇಸ್ರೇಲಿನ ಮಸಾಡಾ ಕೋಟೆಯ ಒಣ ನೆಲದಲ್ಲಿ ದೊರೆತ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆಯಿತು.

ಆದರೆ ಎಲ್ಲ ಬೀಜಕ್ಕೂ ಒಣಗುವುದು ಹಿತವಲ್ಲ. 1973ರಲ್ಲಿ ರಾಬರ್ಟ್ಸ್ ಎಂಬ ವಿಜ್ಞಾನಿ ಬೀಜಗಳನ್ನು ಈ ಗುಣದ ಮೇಲೆಯೇ ಎರಡು ಪಂಗಡ ಮಾಡಿದರು. ಹುಣಸೆ, ಜಾಲಿ ಮೊದಲಾದವು ಒಣಗಿದಷ್ಟೂ ಬಾಳುತ್ತವೆ. ಇವನ್ನು ಚೆನ್ನಾಗಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ಬಾಯಿ ಬಿಗಿದ ಮಡಕೆಯಲ್ಲಿ ತಂಪಾದ ಮೂಲೆಯಲ್ಲಿಟ್ಟರೆ ವರ್ಷಗಳ ಮೇಲೂ ಮೊಳೆಯುತ್ತವೆ. ಹುಣಸೆಗೂ ಹೊಂಗೆಗೂ ಹುಳುವಿನ ಕಾಟವುಂಟು. ತೂತುಬಿದ್ದುದನ್ನು ಮೊದಲೇ ಆರಿಸಿ ತೆಗೆಯಬೇಕು. ನೇರಳೆ, ಮಾವು, ಹಲಸು ಇದಕ್ಕೆ ತದ್ವಿರುದ್ಧ. ಇವು ಒಣಗಿದರೆ ಸಾಯುತ್ತವೆ. ಇವಕ್ಕೆ ಸಂಗ್ರಹದ ಮಾತೇ ಬೇಡ; ಹಣ್ಣು ತಿಂದ ವಾರದೊಳಗೆ ಬಿತ್ತುವುದೇ ಸರಿ. ಶ್ರೀಗಂಧದ ರೀತಿ ಇನ್ನೊಂದು: ಹೊಸ ಬೀಜ ಸುಮಾರು ಎರಡು ತಿಂಗಳು ಮೊಳೆಯದೆ ಮಲಗಿರುತ್ತದೆ. ಸತ್ತಿತೆಂದು ಅದನ್ನು ಎಸೆಯಬಾರದು.

ಬೇವು ಯಾವ ಪಂಗಡಕ್ಕೆ ಸೇರಿದ್ದೆಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ರೈತರಿಗೆ ಆ ಚರ್ಚೆಗಿಂತ ಕೈಕೆಲಸ ಮುಖ್ಯ. ಹಳದಿಗೆ ತಿರುಗಿದ ಹಣ್ಣನ್ನು ಮರದಿಂದಲೇ ಕೊಯ್ದು, ಅಂದೇ ತಿರುಳು ತೊಳೆದು, ನೆರಳಿನಲ್ಲಿ ಹರಡಬೇಕು. ಹಸಿ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವತು ಬೂಷ್ಟು ಹಿಡಿಯುತ್ತದೆ; ತೆಳುವಾದ ಬಟ್ಟೆಯ ಚೀಲವೇ ಲೇಸು. ಒಂದೆರಡು ಬೀಜ ಸೀಳಿ ನೋಡಿದರೆ ಒಳಗಿನ ಬೇಳೆ ಹಸಿರಾಗಿದ್ದಲ್ಲಿ ಜೀವವಿದೆ, ಕಂದಿದ್ದರೆ ಇಲ್ಲ.

ಇನ್ನೂ ಉತ್ತಮವಾದುದು, ಬೀಜವನ್ನು ಕಾಯಿಸದೆ ಜುಲೈಯಲ್ಲೇ ಸಸಿಚೀಲಗಳಿಗೆ ಹಾಕುವುದು. ಬಿಂದಿಗೆ ನೀರಿನಲ್ಲಿ ನೂರಾರು ಸಸಿ ಉಳಿಯುತ್ತವೆ. ಅಕ್ಟೋಬರ್ ಮಳೆಗೆ ಅವು ಗುಂಡಿ ಸೇರಬಹುದು. ಬೇರೆ ಜಾತಿಯ ಹಳೆಯ ಬೀಜವಿದ್ದರೆ, ಬಿತ್ತುವ ಮೊದಲು 100 ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಬೇಕು. ಗಡಸು ಸಿಪ್ಪೆಯ ಜಾಲಿಯಂಥವನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿರಬೇಕು. ಮೂವತ್ತೇ ಮೊಳೆತರೆ ಚೀಲಕ್ಕೆ ಮೂರು ನಾಲ್ಕು ಬೀಜ ಹಾಕಬೇಕು. ಒಂದೂ ಮೊಳೆಯದಿದ್ದರೆ ಆ ಮೂಟೆ ಒಲೆಗೆ.