ಒಂದೇ ಇಮೇಲ್, ಎರಡು ಹಕ್ಕು

ಇಯರ್‌ಫೋನ್ ಹಾಕ್ಕೊಂಡ್ರಾ? ಶುರು ಮಾಡೋಣ.

ನಮ್ಮಕ್ಕ ಅಮೆರಿಕದಲ್ಲಿದ್ದಾಳೆ, ಗ್ರೀನ್ ಕಾರ್ಡ್ ಇದೆ. ಹೋದ ವಾರ ಅಪ್ಪನ ಸ್ಕ್ಯಾನ್ ರಿಪೋರ್ಟನ್ನ ಅವಳಿಗೆ ಜಿಮೇಲ್‌ನಲ್ಲಿ ಕಳಿಸಿದೆ. ಮೇಲ್ ಒಂದೇ. ಆದರೆ ಅಲ್ಲಿನ ಕಾನೂನಿನ ಕಣ್ಣಲ್ಲಿ ಕಳಿಸಿದ ನಾನೂ ಓದಿದ ಅಕ್ಕನೂ ಒಂದೇ ಅಲ್ಲ.

ಫೈಸಾ ಅಂತ ಒಂದು ಕಾನೂನಿದೆ. ಅದರ 702ನೇ ಸೆಕ್ಷನ್ ಬಂದಿದ್ದು 2008ರಲ್ಲಿ. ಅಮೆರಿಕದ ಹೊರಗಿರೋ ವಿದೇಶಿಯರ ಮೇಲ್, ಮೆಸೇಜ್‌ಗಳನ್ನ ಗೂಗಲ್‌ನಂಥ ಕಂಪನಿಗಳಿಂದ ಪಡೆಯೋ ಅಧಿಕಾರವನ್ನ ಅದು ಗುಪ್ತಚರ ಸಂಸ್ಥೆಗಳಿಗೆ ಕೊಡುತ್ತೆ. ಒಬ್ಬೊಬ್ಬರಿಗೂ ಬೇರೆ ಬೇರೆ ವಾರಂಟ್ ಬೇಡ. ಒಟ್ಟು ವಿಧಾನಕ್ಕೆ ಒಂದು ವಿಶೇಷ ಕೋರ್ಟು ವರ್ಷಕ್ಕೊಮ್ಮೆ ಒಪ್ಪಿಗೆ ಕೊಟ್ಟರೆ ಸಾಕು. ಅಕ್ಕನನ್ನ ಗುರಿ ಮಾಡಬೇಕಂದ್ರೆ ಜಡ್ಜ್ ಮುಂದೆ ಹೋಗಬೇಕು. ನನ್ನನ್ನ ಅಂದ್ರೆ ಬೇಕಿಲ್ಲ.

ನನ್ನ ಮೇಲ್ ಯಾರೋ ಕೂತು ಓದ್ತಿದ್ದಾರೆ ಅಂತ ನಾನು ಹೇಳ್ತಿಲ್ಲ. ಗುರಿ ಮಾಡೋಕೆ ಗುಪ್ತಚರ ಕಾರಣ ಇರಬೇಕು. ಆದರೆ ಆ ಕಾರಣ ಸರಿ ಇದೆಯಾ ಅಂತ ಮೊದಲೇ ನೋಡೋಕೆ ಜಡ್ಜ್ ಇಲ್ಲ, ಅಷ್ಟೇ.

2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ದಾಖಲೆ ನೆನಪಿಸ್ಕೊಳ್ಳಿ. ಆ ವರ್ಷದ ಮಾರ್ಚ್ ಒಂದೇ ತಿಂಗಳಲ್ಲಿ ಎನ್‌ಎಸ್‌ಎ ಭಾರತದಿಂದ 630 ಕೋಟಿ ಮಾಹಿತಿ ತುಣುಕು ಸಂಗ್ರಹಿಸಿತ್ತು. ಪಟ್ಟಿಯಲ್ಲಿ ನಮ್ಮದು ಐದನೇ ಸ್ಥಾನ.

2024ರ ಏಪ್ರಿಲ್‌ನಲ್ಲಿ ಈ ಸೆಕ್ಷನ್ನನ್ನ ಎರಡು ವರ್ಷಕ್ಕೆ ಮುಂದುವರಿಸಿದ್ರು. ಸಂಗ್ರಹಿಸಿದ್ದರಲ್ಲಿ ಅಮೆರಿಕನ್ನರ ಮಾಹಿತಿ ಹುಡುಕೋಕೆ ವಾರಂಟ್ ಬೇಕು ಅನ್ನೋ ತಿದ್ದುಪಡಿ ಕೆಳಮನೆಯಲ್ಲಿ 212–212 ಮತ ಪಡೆದು ಬಿದ್ದೋಯ್ತು. ಗಮನಿಸಿ, ಅಷ್ಟು ಬಿಗಿ ಜಗಳ ನಡೆದಿದ್ದೂ ಅಮೆರಿಕನ್ನರ ಹಕ್ಕಿಗಾಗಿ. ನಮಗೆ ಅಲ್ಲಿ ಓಟಿಲ್ಲವಲ್ಲ!

ನಾನು ಓದಿದ್ದು ಬಿ.ಕಾಂ. ಡೆಬಿಟ್ ಬರೆದ ಮೇಲೆ ಕ್ರೆಡಿಟ್ ಬರೀಲೇಬೇಕು ಅಂತ ಕಲಿಸಿದ್ರು. ಇಲ್ಲಿ ನಮ್ಮ ಡೇಟಾ ಒಂದು ಕಡೆ ಏರ್ತಾನೇ ಇದೆ, ಹಕ್ಕಿನ ಕಾಲಂ ಖಾಲಿ.

ಹೀಗೇ ಇರಬೇಕು ಅಂತೇನಿಲ್ಲ. 2020ರ ಮೇನಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ತನ್ನದೇ ಗುಪ್ತಚರ ಸಂಸ್ಥೆ ಬಿಎನ್‌ಡಿ ವಿರುದ್ಧ ತೀರ್ಪು ಕೊಡ್ತು. ಕೇಸ್ ಹಾಕಿದವರಲ್ಲಿ ವಿದೇಶಿ ಪತ್ರಕರ್ತರಿದ್ರು. ಹೊರದೇಶದಲ್ಲಿರೋ ವಿದೇಶಿಯರ ಸಂಭಾಷಣೆಗೂ ಜರ್ಮನ್ ಸಂವಿಧಾನದ ರಕ್ಷಣೆ ಇದೆ ಅಂತ ಕೋರ್ಟು ಹೇಳಿತು. ಸರ್ಕಾರದ ಕೈ ಎಲ್ಲಿವರೆಗೆ ಚಾಚುತ್ತೋ ಅಲ್ಲಿವರೆಗೆ ಸಂವಿಧಾನವೂ ಹೋಗಬೇಕು, ಇಷ್ಟೇ ಅದರ ತಿರುಳು.

ನಮ್ಮಲ್ಲಿ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಕೇಸಲ್ಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯ್ತು. ಅದಕ್ಕೆ ಆಧಾರವಾದ 21ನೇ ವಿಧಿ ‘ಪ್ರಜೆ’ ಅನ್ನಲ್ಲ, ‘ವ್ಯಕ್ತಿ’ ಅನ್ನುತ್ತೆ. ಆದರೆ ಇಲ್ಲೂ ಫೋನ್ ಕದ್ದಾಲಿಸೋ ಆದೇಶಕ್ಕೆ ಸಹಿ ಹಾಕೋದು ಗೃಹ ಕಾರ್ಯದರ್ಶಿ, ಜಡ್ಜ್ ಅಲ್ಲ. ಅಮೆರಿಕವನ್ನ ಕೇಳೋ ಪ್ರಶ್ನೆಯನ್ನ ದೆಹಲಿಗೂ ಕೇಳಬೇಕು.

ಅಂದಹಾಗೆ, ಅಪ್ಪನ ರಿಪೋರ್ಟ್ ನಾರ್ಮಲ್ ಬಂದಿದೆ. ಇದನ್ನ ಹೇಳಬಹುದಾ ಅಂತ ಅಪ್ಪನ್ನ ಕೇಳೇ ಹೇಳ್ತಿದ್ದೀನಿ. ಪ್ರೈವಸಿ ಅಂದ್ರೆ ಇಷ್ಟೇ, ಮೊದಲು ಕೇಳೋದು.

ಮುಂದಿನ ವಾರ ಸಿಗೋಣ.