ಹಾಳು ಹಾಲಾದ ಕಥೆ



ಕಳೆದ ಬೇಸಿಗೆಯಲ್ಲಿ ನಮ್ಮ ಕಾರ್ಯಕ್ರಮಕ್ಕಾಗಿ ಹಿರಿಯರೊಬ್ಬರ ನೆನಪುಗಳನ್ನು ಮಯೂರ್ ವಿಹಾರದ ಅವರ ಮನೆಯಲ್ಲೇ ಧ್ವನಿಮುದ್ರಿಸಿಕೊಂಡೆ. ಅವರ ಊರು ಹಳೇ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಬಂದು ಮನೆಗಳು ಖಾಲಿಯಾದದ್ದನ್ನು ಹೇಳುತ್ತ, "ನಮ್ಮ ಓಣಿ ಹಾಳಾತು" ಎಂದು ಎರಡು ಸಲ ಅಂದು ಸುಮ್ಮನಾದರು. ಪ್ರಸಾರ ಕೇಳಿದ ಅವರ ಮೊಮ್ಮಗ, ಗುರುಗ್ರಾಮದಲ್ಲಿ ಬೆಳೆದ ಹುಡುಗ, ಕೇಳಿದನಂತೆ: "ಓಣಿ ಹಾಲಾಯ್ತು ಅಂದ್ರೇನು ಅಜ್ಜ?"

ಹಿಂದಿಯ ನಡುವೆ ಬೆಳೆದ ಮಕ್ಕಳ ಕಿವಿಗೆ 'ಳ' ಸಲೀಸಲ್ಲ, ನಿಜ. (ಪಕ್ಕದ ಹರಿಯಾಣವಿಯಲ್ಲಿ ಮಾತ್ರ 'ಳ' ಗಟ್ಟಿಯಾಗಿದೆ. ರೋಹ್ತಕ್ ಕಡೆಯವರ ಮಾತು ಕೇಳಿ ನೋಡಿ.) ಆದರೆ ಅಂದು ಆ ಅಕ್ಷರವನ್ನು ಸವೆಸಿದವನು ನಾನೇ.

ದನಿ ತುಸು ಕರ್ಕಶವಾಗಿ ಬಂದಿತ್ತು. ಕಂಪ್ಯೂಟರಿನ ಈಕ್ವಲೈಜರ್‌ನಲ್ಲಿ 2,000 ಹರ್ಟ್ಜ್ ಸುತ್ತ ಅಗಲವಾಗಿ 10 ಡೆಸಿಬೆಲ್ ಇಳಿಸಿಬಿಟ್ಟೆ. ಕೇಳಲು ಹಿತವಾಯಿತು. 'ಳ' ಎನ್ನುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಆಗ ಬಾಯಿಯ ಮೂರನೆಯ ಅನುರಣನ ಕೆಳಗಿಳಿದು, ಗಂಡುದನಿಯಲ್ಲಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುತ್ತದೆ. ಲ-ಳ, ನ-ಣಗಳ ಗುರುತಿನ ದೊಡ್ಡ ಪಾಲು ಇರುವುದು ಅಲ್ಲೇ. ಕರ್ಕಶವನ್ನು ತೆಗೆಯಲು ಹೋಗಿ ಅಕ್ಷರವನ್ನೇ ತೆಗೆದಿದ್ದೆ!

ಹಳೆಯ ರೇಡಿಯೋದ ಟ್ರೆಬಲ್ ಗುಂಡಿ ನಿಮಗೆ ನೆನಪಿರಬಹುದು. ತಿರುಗಿಸಿದರೆ ಮೇಲಿನ ಸ್ವರವೆಲ್ಲ ಒಟ್ಟಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಯಾವ ಕಂಪನ, ಎಷ್ಟು, ಎಷ್ಟು ಅಗಲ ಎಂಬ ಮೂರನ್ನೂ ಬೇರೆಬೇರೆಯಾಗಿ ಹಿಡಿಯುವ ಪ್ಯಾರಾಮೆಟ್ರಿಕ್ ವಿಧಾನವನ್ನು ಜಾರ್ಜ್ ಮ್ಯಾಸನ್‌ಬರ್ಗ್ 1972ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಇಂದಿನ ಪ್ಲಗಿನ್‌ಗಳು ಅದೇ ದಾರಿಯವು. ಅವುಗಳಲ್ಲಿ ಪಾರದರ್ಶಕ ಎನಿಸಿಕೊಂಡವು ಕೇಳಿದ್ದಷ್ಟನ್ನೇ ಮಾಡುತ್ತವೆ, ತಮ್ಮ ಬಣ್ಣ ಬಳಿಯುವುದಿಲ್ಲ. ಆದರೆ ಅಗಲ ಎಷ್ಟಿರಬೇಕೆಂದು ಅವು ನಮಗೆ ಹೇಳಿಕೊಡುವುದಿಲ್ಲ.

ಅದೃಷ್ಟಕ್ಕೆ ಮೂಲ ಧ್ವನಿಮುದ್ರಿಕೆ ಅಳಿಸಿರಲಿಲ್ಲ. ಮತ್ತೆ ಕುಳಿತೆ. ಕೂಲರಿನ ಗುಂಯ್‌ಗುಡುವಿಕೆ ನಮ್ಮ ವಿದ್ಯುತ್ತಿನ 50 ಹರ್ಟ್ಜ್‌ನಲ್ಲೂ ಅದರ ಮಡಿಗಳಾದ 100, 150ರಲ್ಲೂ ಇತ್ತು. ಗಂಡಸರ ದನಿಯ ಬುಡವೂ 100ರ ಆಸುಪಾಸಿನಲ್ಲೇ. ಅಲ್ಲಿ ಅಗಲವಾಗಿ ಕತ್ತರಿಸಿದ್ದರೆ ಅಜ್ಜನ ಎದೆಯ ಗತ್ತೇ ಹೋಗುತ್ತಿತ್ತು. ಸೂಜಿಯಷ್ಟು ಕಿರಿದಾಗಿ ಮೂರು ಕಡೆ ತೆಗೆದೆ. ಕರ್ಕಶ ನಿಜವಾಗಿ ಇದ್ದದ್ದು 3,400ರ ಬಳಿ. ಅಲ್ಲಿ 3 ಡೆಸಿಬೆಲ್ ಸಾಕಾಯಿತು. ಲೀನಿಯರ್ ಫೇಸ್ ಎಂಬ ಸೌಲಭ್ಯವನ್ನು ಮುಟ್ಟಲಿಲ್ಲ. ಹೆಸರು ಚೆಂದ, ಆದರೆ ಕೆಳಗಿನ ಸ್ವರಗಳನ್ನು ಕಡಿದಾಗಿ ಕತ್ತರಿಸುವಾಗ ಕ, ಟ, ಪಗಳಂಥ ಸಿಡಿಯುವ ಅಕ್ಷರಗಳಿಗೆ ಮುಂಚಿತವಾಗಿಯೇ ಒಂದು ನೆರಳು ಕೇಳಿಸಬಹುದು.

ಕೊನೆಗೆ ಮೊದಲಿನದನ್ನೂ ತಿದ್ದಿದ್ದನ್ನೂ ಒಂದೇ ಗಟ್ಟಿತನದಲ್ಲಿ ಅದಲುಬದಲು ಕೇಳಿದೆ. ಗಟ್ಟಿಯಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ ನೋಡಿ.

ಮರುಪ್ರಸಾರವಾದ ದಿನ ಅಜ್ಜನೇ ಫೋನ್ ಮಾಡಿದರು. ಮೊಮ್ಮಗ ಈ ಸಲ ಹಾಲಿನ ಮಾತೆತ್ತಲಿಲ್ಲವಂತೆ. ಆ ಓಣಿಯಲ್ಲಿ ಎಷ್ಟು ಮನೆ ಇದ್ದವು ಎಂದು ಕೇಳಿದನಂತೆ.

ನಿಮ್ಮ ಮನೆಯ ಹಿರಿಯರ ಮಾತು ಕಳಿಸುವವರಿದ್ದರೆ ಕೂಲರ್ ಆರಿಸಿ, ಹೇಗೆ ಬಂತೋ ಹಾಗೆಯೇ ಕಳಿಸಿ.